ನಾನು ತುಂಬಿದ ಉಡಿ

ಕಾರ್ಡುಗಳು ಒಟ್ಟು ಹನ್ನೆರಡು ಇದ್ದವು. ದಪ್ಪ ಡ್ರಾಯಿಂಗ್ ಶೀಟಿನ ಮೇಲೆ ಅಣ್ಣಿಗೇರಿಯ ಡ್ರಾಯಿಂಗ್ ಮಾಸ್ತರರೊಬ್ಬರು ವಾಟರ್ ಕಲರ್‌ನಲ್ಲಿ ಬರೆದುಕೊಟ್ಟವು. ಮೊದಲನೆಯದರಲ್ಲಿ ಒಂದು ಮನೆ, ತಾಯಿ, ಮಗಳು. ಎರಡನೆಯದರಲ್ಲಿ ಬಸ್ ಸ್ಟ್ಯಾಂಡು. ಮೂರನೆಯದರಲ್ಲಿ ಅವನು: ಕಪ್ಪು ಗಾಗಲ್, ಬೆಲ್‌ಬಾಟಮ್ ಪ್ಯಾಂಟು, ತುಟಿಯಲ್ಲಿ ಸಿಗರೇಟು, ಕೈಯಲ್ಲಿ ಸೂಟ್‌ಕೇಸು. ಈ ಮೂರನೆಯ ಕಾರ್ಡು ಎತ್ತಿ ಹಿಡಿದ ಕೂಡಲೇ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಮ್ಮ ಜೀಪಿನ ಡ್ರೈವರ್ ಕೂಡ ಗಾಗಲ್ ಹಾಕುತ್ತಿದ್ದ, ಅದಕ್ಕೆ.

“ಅಕ್ಕಾರ, ಕಳ್ಳನ್ನ ಜೋಡೀಲೇ ಕರಕೊಂಡು ಬಂದೀರಲ್ರಿ!” ಎಂದು ಯಾರಾದರೂ ಕೂಗುತ್ತಿದ್ದರು. ಡ್ರೈವರ್ ಗಾಗಲ್ ತೆಗೆದು ಕಿಸೆಗೆ ಹಾಕಿಕೊಳ್ಳುತ್ತಿದ್ದ. ನಾನೂ ನಗುತ್ತಿದ್ದೆ.

ಎಂಬತ್ತರ ದಶಕದ ನಡುವಿನ ಮಾತು ಇದು. ಕೆಲಸ ಕೊಡಿಸುತ್ತೇವೆ, ಮದುವೆ ಮಾಡಿಸುತ್ತೇವೆ ಎಂದು ಆಸೆ ಹಚ್ಚಿ ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಬಾಂಬೆಗೆ ಒಯ್ದು ಮಾರುತ್ತಿದ್ದರು. ಹುಷಾರಾಗಿರಿ ಎಂದು ಹಳ್ಳಿಗಳಿಗೆ ಹೋಗಿ ಹೇಳಬೇಕೆಂದು ನಾನೇ ಹುಟ್ಟಿಸಿಕೊಂಡ ಪ್ರೋಗ್ರಾಂ ಅದು. ನನ್ನ ಪಕ್ಕದಲ್ಲಿ ನಿಂತು ಆ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಹಿಡಿಯುತ್ತಿದ್ದ ಹುಡುಗಿಯೇ ಹೋಗಿಬಿಟ್ಟಳು. ಅವಳ ಬಗ್ಗೆ ಬರೆಯಬೇಕೆಂದು ಎಷ್ಟು ಸಲ ಕೂತಿದ್ದೇನೋ. ಬರೆಯಲು ಹೊರಟರೆ ಅದು ನನ್ನ ಬಗ್ಗೆಯೇ ಬರೆದಂತಾಗುತ್ತದೆ ಎಂದು ಹೊಳೆದು ಪೆನ್ನಿನ ಟೋಪಿ ಹಾಕಿಬಿಡುತ್ತಿದ್ದೆ. ಈಗ ವಯಸ್ಸಾಯಿತು. ಇನ್ನು ಯಾವ ಮರ್ಯಾದೆ ಉಳಿಸಿಕೊಳ್ಳಬೇಕಾಗಿದೆ?

ನನ್ನ ಗಂಡ ಅಣ್ಣಿಗೇರಿಯಲ್ಲಿ ಡಾಕ್ಟರಾಗಿದ್ದರು. ಮುಂದೆ ಡಿಸ್ಪೆನ್ಸರಿ, ಹಿಂದೆ ಮನೆ. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಕಲಿತವಳು. ರೊಟ್ಟಿ ಬಡಿಯಲು ಬಾರದೆ ಅತ್ತೆಯವರಿಂದ ಅನ್ನಿಸಿಕೊಂಡವಳು. ಒಂದು ಮಧ್ಯಾಹ್ನ ಇವರು ಊಟಕ್ಕೆ ಕೂತವರು ತಾಟು ಸರಿಸಿ ಎದ್ದರು. ಒಬ್ಬ ಹೆಂಗಸನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಬಂದಿದ್ದರಂತೆ. ಪರದೆ ಸರಿಸಿ ನೋಡಿದೆ. ನಲವತ್ತು ಇರಬಹುದು ಅಂದುಕೊಂಡೆ. ಅವಳಿಗೆ ಇಪ್ಪತ್ತೆರಡು. ಹದಿನಾಲ್ಕಕ್ಕೆ ಬಾಂಬೆಗೆ ಹೋದವಳನ್ನು, ಮೈಯಲ್ಲಿ ಏನೂ ಉಳಿಯದೆ ಹೋದಾಗ ಯಾರೋ ರೈಲು ಹತ್ತಿಸಿ ಕಳಿಸಿದ್ದರು. ಇಲ್ಲಿ ಅಣ್ಣಂದಿರು ದನದ ಕೊಟ್ಟಿಗೆಯಲ್ಲಿ ಹಾಸಿಗೆ ಹಾಕಿ ಇಟ್ಟಿದ್ದರು. ಎಂಟು ದಿನಕ್ಕೆ ತೀರಿಕೊಂಡಳು.

“ಯಾರು ಒಯ್ದಿದ್ರಂತ?” ಎಂದು ಕೇಳಿದೆ.

“ಯಾರೋ ಗೊತ್ತಿದ್ದವರು ಅಂದ್ಲು” ಎಂದರು ಇವರು.

ಗೊತ್ತಿದ್ದವರು. ಆ ಮಾತು ಅವತ್ತೇ ನನ್ನ ಕಿವಿಗೆ ಬಿದ್ದಿತ್ತು, ನೋಡಿ. ಆದರೂ ಮಾಸ್ತರರಿಗೆ ಮೂರನೆಯ ಕಾರ್ಡು ಬರೆಯಲು ಹೇಳುವಾಗ ಗುರುತಿಲ್ಲದ ಗಂಡಸನ್ನು ಬರೆಯಿರಿ ಎಂದೆ. ಕೆಟ್ಟದ್ದು ಯಾವಾಗಲೂ ಹೊರಗಿನಿಂದ ಬರುತ್ತದೆ, ನೋಡಿದರೆ ಗೊತ್ತಾಗುವ ಹಾಗೆ ಬರುತ್ತದೆ ಎಂದು ನನ್ನ ತಲೆಯಲ್ಲಿ ಕೂತಿತ್ತು. ಕಾನ್ವೆಂಟಿನ ಪಿಕ್ಚರ್ ಬುಕ್ಕುಗಳಲ್ಲಿ ಸೈತಾನನಿಗೆ ಕೋಡುಗಳೇ ಇರುತ್ತಿದ್ದವು.

ಹತ್ತಿಯ ವ್ಯಾಪಾರಿಯೊಬ್ಬರು ವಾರಕ್ಕೊಂದು ದಿನ ಜೀಪು ಕೊಡಲು ಒಪ್ಪಿದರು. ಕುಂದಗೋಳ ತಾಲೂಕಿನಲ್ಲಿ, ಯರಗುಪ್ಪಿ ದಾಟಿ ಒಳಗೆ ಹೋದರೆ ಒಂದು ಊರು, ಹೆಸರು ಬೇಡ. ಅಲ್ಲಿಂದ ಶುರು ಮಾಡಿದೆ. ಮೀಟಿಂಗ್ ಎಂದು ಡಂಗುರ ಹೊಡೆಸಿದರೆ ಯಾರೂ ಬರಲಿಲ್ಲ. ಬಂದರೆ ಅವತ್ತಿನ ಕೂಲಿ ಹೋಗುತ್ತದಲ್ಲ! ಆಮೇಲೆ ಅವರು ಕೆಲಸ ಮಾಡುವಲ್ಲಿಗೇ ನಾನು ಹೋದೆ. ಸಂಕ್ರಾಂತಿ ಕಳೆದ ಮೇಲೆ ಮೆಣಸಿನಕಾಯಿಯ ಸುಗ್ಗಿ. ಒಂದು ದೊಡ್ಡ ಹಿತ್ತಲಿನಲ್ಲಿ ಕೆಂಪು ರಾಶಿಗಳ ಸುತ್ತ ಮೂವತ್ತು ನಲವತ್ತು ಹೆಂಗಸರು ಕೂತು ತೊಟ್ಟು ಬಿಡಿಸುತ್ತಿದ್ದರು. ಆ ಘಾಟಿಗೆ ನಾನು ಮಾತು ಶುರು ಮಾಡುವ ಮೊದಲೇ ಹತ್ತು ಸೀನು ಸೀನಿದೆ.

“ಮೊದಲ ಸೀನಿ ಮುಗಸ್ರಿ ಅಕ್ಕಾರ. ನಾವೇನು ಎದ್ದು ಹೋಗೂದಿಲ್ಲ” ಎಂದಳು ಅವರಲ್ಲಿ ಹಿರಿಯಳಾದ ಒಬ್ಬ ಮುದುಕಿ. ಎಲ್ಲರೂ ನಕ್ಕರು. ಆಮೇಲೂ ಆ ಹಿತ್ತಲಿನಲ್ಲಿ ಏನಾದರೂ ನಿರ್ಧಾರ ಆಗಬೇಕಾದರೆ ಎಲ್ಲರೂ ಒಮ್ಮೆ ಆ ಮುದುಕಿಯ ಮುಖ ನೋಡುವುದನ್ನು ಗಮನಿಸಿದ್ದೆ.

ಹುಡುಗಿ ಸಿಕ್ಕಿದ್ದು ಅಲ್ಲಿಯೇ. ಹದಿನಾರು ವರ್ಷ. ಏಳನೆಯತ್ತೆ ಪಾಸಾಗಿ ಮನೆಯಲ್ಲಿ ಕೂತಿದ್ದಳು. ಅಪ್ಪ ಗೋವಾಕ್ಕೆ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋದವನು ವರ್ಷಕ್ಕೊಮ್ಮೆ ಮುಖ ತೋರಿಸುತ್ತಿದ್ದ. ತಾಯಿ ಮೆಣಸಿನಕಾಯಿ ಬಿಡಿಸಿ, ಹತ್ತಿ ಬಿಡಿಸಿ ಇವಳನ್ನೂ ಇವಳ ತಂಗಿಯನ್ನೂ ಸಾಕುತ್ತಿದ್ದಳು. ಎರಡನೆಯ ವಾರ ಗಾಳಿಗೆ ಕಾರ್ಡು ಹಾರಿ ಮೆಣಸಿನಕಾಯಿಯ ರಾಶಿಯ ಮೇಲೆ ಬಿದ್ದಾಗ, ಈ ಹುಡುಗಿ ಎದ್ದು ಬಂದು, “ಕೊಡ್ರಿ ಇಲ್ಲೆ, ನಾ ಹಿಡೀತೀನಿ. ನೀವು ಮಾತಾಡ್ರಿ, ನಿಮಗ ಒಂದಽ ಕೆಲಸ ಬರತೈತಿ” ಎಂದಳು.

“ಲೇ, ಬಾಯಿ ಮುಚ್ಚ!” ಎಂದು ತಾಯಿ ಬೈದಳು.

“ನಾ ಎಲ್ಲಿ ಬಾಯಿ ತಗದೇನ್ಬೇ ಯವ್ವಾ, ಕೈ ಅಷ್ಟಽ ಚಾಚೇನಿ.”

ಅಲ್ಲಿಂದ ಪ್ರತಿ ವಾರ ಅವಳೇ ಕಾರ್ಡು ಹಿಡಿದಳು. ಬೇರೆ ಊರುಗಳಿಗೆ ಹೋಗುವಾಗಲೂ ಜೀಪಿನಲ್ಲಿ ಬರುತ್ತಿದ್ದಳು. ನನ್ನ ಭಾಷಣ ಬಾಯಿಪಾಠವಾಗಿತ್ತು ಅವಳಿಗೆ. ನಾನು ಇಲ್ಲದಾಗ ಹಿತ್ತಲಿನಲ್ಲಿ ನಿಂತು ನನ್ನನ್ನೇ ಅಣಕಿಸುತ್ತಿದ್ದಳಂತೆ: ಕನ್ನಡಕ ಸರಿಮಾಡಿಕೊಂಡು, ಮೂಗಿನಲ್ಲಿ “ತಾಯಂದಿರೇ, ದಿಸ್ ಈಸ್ ವೆರಿ ಸೀರಿಯಸ್” ಎಂದು. ಒಂದು ದಿನ ನಾನೇ ನೋಡಿದೆ. ಅವಳು ನಾಲಿಗೆ ಕಚ್ಚಿಕೊಂಡಳು. ಇನ್ನೊಮ್ಮೆ ಮಾಡು ಎಂದೆ. ಮಾಡಿದಳು. ಬಹಳ ಚೆನ್ನಾಗಿ ಮಾಡಿದಳು. ವಾಪಸು ಬರುವಾಗ ಜೀಪಿನಲ್ಲಿ ಅವಳು ಕೇಳಿದ ಪ್ರಶ್ನೆ ಇನ್ನೂ ನೆನಪಿದೆ: “ಅಕ್ಕಾರ, ನಿಮ್ಹಂಗ ಆಗಬೇಕಂದ್ರ ಎಷ್ಟನೇತ್ತೆ ಕಲೀಬೇಕ್ರಿ?” ನಾನೇನು ಹೇಳಿದೆನೋ ನೆನಪಿಲ್ಲ. ನಕ್ಕಿರಬೇಕು.

ಇನ್ನು ಮಾವಶಿ. ಮಾವಶಿ ಎಂದರೆ ಚಿಕ್ಕಮ್ಮ, ಊರವರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು. ನಲವತ್ತೈದು ದಾಟಿದ, ದುಂಡನೆಯ, ಹಣೆ ತುಂಬ ಕುಂಕುಮ ಇಡುತ್ತಿದ್ದ ಹೆಂಗಸು. ಆ ಊರಿನ ಮಗಳೇ. ಸಣ್ಣವಳಿದ್ದಾಗ ಬಾಂಬೆಗೆ ಹೋಗಿದ್ದವಳು ಈಗ ತಮ್ಮನ ಮನೆ ಕಟ್ಟಿಸಲು ಬಂದು ಉಳಿದಿದ್ದಳು. ಗಂಡ ಬಾಂಬೆಯಲ್ಲಿ ಮಿಲ್ಲಿನಲ್ಲಿದ್ದಾನೆ ಎನ್ನುತ್ತಿದ್ದಳು. ಮೂರನೆಯ ವಾರವೋ ನಾಲ್ಕನೆಯ ವಾರವೋ ನನ್ನ ಮೀಟಿಂಗಿಗೆ ಬಂದು ಹಿಂದೆ ಕೂತಳು. ಆವತ್ತು ಹೆಂಗಸರು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಗದ್ದಲ ಎಬ್ಬಿಸಿದ್ದರು. ಮಾವಶಿ ಎದ್ದು ನಿಂತು ಒಂದೇ ಗದರಿಕೆ ಹಾಕಿದಳು.

“ಏ, ಸುಮ್ಕಿರ್ರೆಬೇ! ಆಕಿ ಅಣ್ಣಿಗೇರಿಯಿಂದ ಧೂಳಾ ಕುಡಕೋತ ಬಂದಾಳ, ನಿಮ್ಮ ಮಕ್ಕಳ ಸಲುವಾಗಿ. ನಾ ಬಾಂಬೇದಾಗ ಕಣ್ಣಾರೆ ನೋಡೀನಿ. ನಿಮ್ಮಂಥವರ ಹೊಟ್ಟೀಲೆ ಹುಟ್ಟಿದ ಪೋರಿಗೋಳು ಕಿಡಕ್ಯಾಗ ನಿಂತು ರಸ್ತಾ ನೋಡಕೋತ ಇರತಾವು. ನಗಬ್ಯಾಡ್ರಿ, ಅಗದೀ ಖರೇ ಹೇಳಾಕತ್ತೀನಿ.”

ಯಾರೂ ನಗಲಿಲ್ಲ. ನನ್ನ ಹನ್ನೆರಡು ಕಾರ್ಡುಗಳಿಂದ ಆಗದ್ದು ಅವಳ ನಾಲ್ಕು ಮಾತಿನಿಂದ ಆಯಿತು. ಐ ವಾಸ್ ಸೋ ಹ್ಯಾಪಿ. ಕಣ್ಣಿಂದ ಕಂಡವಳು, ಊರಿನವಳು, ಇವರ ಬಾಯಿಯಲ್ಲೇ ಮಾತಾಡುವವಳು! ಅವಳನ್ನೂ ಜೀಪಿನಲ್ಲಿ ಕೂರಿಸಿಕೊಂಡೆ. ಫಾಲ್ಗುಣ, ಚೈತ್ರ, ವೈಶಾಖ, ಮೂರು ತಿಂಗಳು ನಾವು ಮೂವರೂ ಆರೇಳು ಹಳ್ಳಿ ತಿರುಗಿದೆವು. ನಾನು ಮಾತಾಡುವುದು, ಹುಡುಗಿ ಕಾರ್ಡು ಹಿಡಿಯುವುದು, ಕೊನೆಯಲ್ಲಿ ಮಾವಶಿ ಎದ್ದು ನಿಂತು ತಾನು ಕಂಡದ್ದನ್ನು ಹೇಳುವುದು. ಗುರುತಿಲ್ಲದವರ ಕೈಯಲ್ಲಿ ಮಕ್ಕಳನ್ನು ಕೊಡಬೇಡಿ ಎಂದು ಅವಳು ಹೇಳುವಾಗ ತಾಯಂದಿರು ಅಳುತ್ತಿದ್ದರು. ಈಗ ಯೋಚಿಸಿದರೆ, ಆ ಮೀಟಿಂಗುಗಳಲ್ಲಿ ಅವಳು ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ.

ಆ ಊರಿನಲ್ಲಿ ಒಂದು ಮನೆಯಲ್ಲಿ ಬಸುರಿಗೆ ಕುಬಸದ ಕಾರ್ಯ ಇತ್ತು. ನನ್ನನ್ನೂ ಕರೆದಿದ್ದರು. ಬಸುರಿಗೆ ಉಡಿ ತುಂಬಿದ ಮೇಲೆ ಬಂದ ಮುತ್ತೈದೆಯರಿಗೆಲ್ಲ ಸಾಲಾಗಿ ಉಡಿ ತುಂಬುತ್ತಾ ಬಂದರು. ಸೆರಗು ಒಡ್ಡಿದರೆ ಅದರಲ್ಲಿ ಅಕ್ಕಿ, ಕುಬಸದ ಖಣ, ತೆಂಗಿನಕಾಯಿ, ಎಲೆ ಅಡಿಕೆ, ಉತ್ತತ್ತಿ. ನಮ್ಮ ಕಡೆ ಇದೇನು ದೊಡ್ಡ ಸಂಗತಿಯಲ್ಲ, ಮನೆಗೆ ಬಂದ ಹೆಣ್ಣುಮಗಳನ್ನು ಬರಿ ಸೆರಗಿನಲ್ಲಿ ಕಳಿಸುವುದಿಲ್ಲ. ಆದರೆ ಎಲ್ಲರೆದುರು ಉಡಿ ತುಂಬಿಸಿಕೊಂಡವಳು ಆ ಮನೆಯ ಮಗಳು ಇದ್ದ ಹಾಗೆ. ಆಮೇಲೆ ಅವಳಿಗೆ ಇಲ್ಲ ಎನ್ನುವ ಮಾತಿಲ್ಲ. ತಾಟು ನನ್ನ ಹತ್ತಿರ ಬಂತು. ನನ್ನ ಪಕ್ಕದಲ್ಲಿದ್ದ ಮಾವಶಿಯ ಹತ್ತಿರ ಬಂತು. ನಿಲ್ಲದೆ ಮುಂದೆ ಹೋಯಿತು. ಒಡ್ಡಿದ ಸೆರಗನ್ನು ಮಾವಶಿ ಮೆಲ್ಲಗೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಾರೂ ಏನೂ ಆಗದವರ ಹಾಗೆ ಮಾತಾಡುತ್ತಿದ್ದರು.

ಹೊರಗೆ ಬಂದವಳೇ ಮೆಣಸಿನಕಾಯಿ ಹಿತ್ತಲಿನ ಮುದುಕಿಯನ್ನು ಹಿಡಿದು ಕೇಳಿದೆ.

“ಆಕೀ ಗಂಡನ್ನ ಯಾರೂ ಕಂಡಿಲ್ರಿ” ಎಂದಳು.

“ನನ್ನ ಗಂಡನ್ನೂ ನೀ ಕಂಡಿಲ್ಲಲ್ಲಬೇ ಅಜ್ಜಿ.”

“ನಿಮ್ಮ ಗಂಡನ್ನ ನನ್ನ ಮೊಮ್ಮಗನ ಕುಂಡಿ ಕಂಡೈತ್ರಿ. ಎರಡು ಸೂಜಿ ಚುಚ್ಚಿಸಿಕೊಂಡು ಬಂದಾನ.” ಅಷ್ಟು ಹೇಳಿ ಮುದುಕಿ ನಗಲಿಲ್ಲ. “ಅಕ್ಕಾರ, ಹೇಳಾಕ ಬರೂದಿಲ್ಲ ನಮಗ. ಆಕಿ ಬರಲಿ, ಕುಂಡರಲಿ, ಉಣ್ಣಲಿ. ಉಡಿ ಮಾತ್ರ ಬ್ಯಾಡ.”

“ಯಾಕ ಬ್ಯಾಡ?”

“ಬ್ಯಾಡಂದ್ರ ಬ್ಯಾಡ್ರಿ.”

ನನಗೆ ಸಿಟ್ಟು ನೆತ್ತಿಗೇರಿತು. ಆ ತಾಟು ಯಾರನ್ನೆಲ್ಲ ದಾಟಿ ಹೋಗುತ್ತದೆ ಎಂದು ನನಗೆ ಗೊತ್ತಿಲ್ಲವೇ? ನನ್ನ ಸ್ವಂತ ಚಿಕ್ಕಮ್ಮ ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡವಳು. ಅವಳನ್ನು ದಾಟಿ ಹೋಗಿತ್ತು. ಗಂಡ ಬಿಟ್ಟವಳನ್ನು, ಮಕ್ಕಳಿಲ್ಲದವಳನ್ನು ದಾಟಿ ಹೋಗುವುದನ್ನೂ ನೋಡಿದ್ದೇನೆ. ಕಾನ್ವೆಂಟಿನಲ್ಲಿ ದಿನಾ ಬೆಳಿಗ್ಗೆ ಹೇಳಿಸುತ್ತಿದ್ದರು, ಯಾರ ಮೇಲೂ ತೀರ್ಪು ಕೊಡಬೇಡಿ ಎಂದು. ಇದು ಅಜ್ಞಾನ, ಇದು ಕ್ರೂಯಲ್ಟಿ, ಇದನ್ನು ಮುರಿಯಬೇಕು ಎಂದುಕೊಂಡೆ. ಕ್ರೂರವಾದ ಆ ತಾಟಿಗೆ ಒಮ್ಮೊಮ್ಮೆ ಏನೋ ಗೊತ್ತಿರುತ್ತದೆ ಎಂದು ನನಗೆ ಯಾರು ಹೇಳಬೇಕಿತ್ತು? ಹೇಳಲು ಬರುವುದಿಲ್ಲ ಎಂದು ಆ ಮುದುಕಿಯೇ ಹೇಳಿದ್ದಳು.

ಮಳೆ ಶುರುವಾಗುವ ಮೊದಲು ಕೊನೆಯ ಮೀಟಿಂಗ್ ಇಟ್ಟೆ. ಸಾಲೆಯ ಹಾಲ್ ತುಂಬಿತ್ತು. ನನ್ನ ಗಂಡ ಕ್ಯಾಮರಾ ತಗೊಂಡು ಬಂದಿದ್ದರು. ಅಣ್ಣಿಗೇರಿಯಿಂದ ನಾನು ಹಸಿರು ಖಣ, ಅಕ್ಕಿ, ಕಾಯಿ ಎಲ್ಲ ತಾಟಿನಲ್ಲಿ ಜೋಡಿಸಿಕೊಂಡು ಹೋಗಿದ್ದೆ. ತಾಟು ಹಿಡಿದು ನಿಂತವಳು ಅದೇ ಹುಡುಗಿ. ಎಲ್ಲ ಹೆಣ್ಣುಮಕ್ಕಳೂ ಸಮಾನರು ಎಂದು ದೊಡ್ಡ ಭಾಷಣ ಮಾಡಿ ಮಾವಶಿಯನ್ನು ಮುಂದೆ ಕರೆದೆ. ಅವಳು ಬರಲು ಒಲ್ಲೆ ಎಂದಳು. ಖರೇನೇ ಒಲ್ಲೆ ಎಂದಳು, ಅದನ್ನೂ ಬರೆದುಬಿಡುತ್ತೇನೆ. “ಬ್ಯಾಡ್ರಿ ಅಕ್ಕಾರ, ನನಗ ಅವೆಲ್ಲಾ ಬ್ಯಾಡ್ರಿ.” ನಾನೇ ಕೈ ಹಿಡಿದು ಎಳೆದು ತಂದೆ. ಸೆರಗು ಒಡ್ಡಿಸಿ, ಐದು ಸಲ ಬೊಗಸೆ ತುಂಬ ಅಕ್ಕಿ ಹಾಕಿದೆ. ಇವರು ಫೋಟೋ ಹೊಡೆದರು. ಮಾವಶಿ ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಹುಡುಗಿಯ ತಾಯಿ ಎದ್ದು ಬಂದಳು. ಅಣ್ಣಿಗೇರಿಯ ಡಾಕ್ಟರ ಹೆಂಡತಿ ಮಾಡಿದ ಮೇಲೆ ಹಿಂದೆ ಉಳಿಯುವುದು ಹೇಗೆ ಎನ್ನಿಸಿರಬೇಕು. ಅವಳೂ ಕುಂಕುಮ ಹಚ್ಚಿ ಅಕ್ಕಿ ಹಾಕಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಹೆಂಗಸರ ಸರತಿಯೇ ಹತ್ತಿತು. ಮುದುಕಿ ಮಾತ್ರ ಮೊಣಕಾಲ ಮೇಲೆ ಕೈಯೂರಿ ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು. ಆ ದಿನ ಜೀಪಿನಲ್ಲಿ ನಾನು ಇವರಿಗೆ ಇಂಗ್ಲಿಷಿನಲ್ಲಿ ಹೇಳಿದೆ, ಇವತ್ತು ಏನೋ ಒಂದು ಸಾಧಿಸಿದೆವು ಎಂದು.

ಮಿರಗದ ಮಳೆ ಬಿತ್ತು. ಎರೆಮಣ್ಣಿನ ನಾಡು ಅದು, ಒಂದು ಮಳೆ ಬಿದ್ದರೆ ಕಾಲಿಗೆ ಎರಡು ಸೇರು ಮಣ್ಣು ಮೆತ್ತಿಕೊಳ್ಳುತ್ತದೆ, ಜೀಪಿನ ಗಾಲಿ ತಿರುಗುವುದಿಲ್ಲ. ಎರಡೂವರೆ ತಿಂಗಳು ನಾನು ಆ ಕಡೆ ಹೋಗಲಿಲ್ಲ. ಪಂಚಮಿ ಮುಗಿದು ದಾರಿ ಒಣಗಿದ ಮೇಲೆ ಹೋದಾಗ ಹುಡುಗಿಯ ಮನೆಯ ಮುಂದೆ ಜೀಪು ನಿಲ್ಲಿಸಿ ಹಾರ್ನ್ ಹೊಡೆಸಿದೆ. ಯಾವಾಗಲೂ ಹಾರ್ನ್ ಕೇಳಿ ಓಡಿ ಬರುತ್ತಿದ್ದಳು. ತಾಯಿ ಬಂದಳು, ನಗುತ್ತಲೇ ಬಂದಳು.

“ಆಕಿ ಬಾಂಬೇಕ್ಕ ಹೋದಳಲ್ರಿ ಅಕ್ಕಾರ, ನಿಮಗ ಗೊತ್ತಿಲ್ಲೇನ್ರಿ? ಮಾವಶಿ ಜೋಡಿ.”

ನಾನು ಜೀಪಿನಿಂದ ಇಳಿಯದೆ ಹಾಗೇ ಕೂತಿದ್ದೆ.

“ಅಲ್ಲಿ ನಿಮ್ಮಂಥಾವ್ರ ಒಬ್ಬ ಬಾಯಾರು ಅದಾರಂತ್ರಿ. ಹಾಸ್ಟೆಲ್ ಐತಂತ. ಹೊಲಿಗಿ ಕಲಸ್ತಾರಂತ, ಇಂಗ್ಲೀಷೂ ಕಲಸ್ತಾರಂತ. ಇಕಿ ಒಂದಽ ಸವನ ಹಟಾ ಹಿಡದ್ಲರಿ, ಅಕ್ಕಾರಂಗ ಆಗತೀನಿ ಅಂತ.”

“ಪತ್ರಾ ಬಂದೈತಿ?”

“ಇನ್ನೂ ಇಲ್ರಿ. ಮಳಿ ಐತೆಲ್ರಿ.”

“ಯಾಕ ಕಳಿಸಿದಿ?” ನನ್ನ ದನಿ ಏರಿತು. “ಇಷ್ಟು ತಿಂಗಳು ನಾ ಏನ ಹೇಳಿದೆ? ಕಾರ್ಡು ನೋಡಲಿಲ್ಲೇನು? ಬ್ಯಾರೆಯವರ ಕೈಯಾಗ ಕೊಡಬ್ಯಾಡ ಅಂತ—”

ನಗು ಅವಳ ಮುಖದಿಂದ ನಿಧಾನವಾಗಿ ಇಳಿಯಿತು. ನಾನು ಹೇಳದೆಯೇ ಅವಳಿಗೆ ಆ ಕ್ಷಣದಲ್ಲಿ ತಿಳಿಯಿತು. “ಬ್ಯಾರೆಯವರಲ್ಲಲ್ರಿ” ಎಂದಳು. “ಅಲ್ಲೀಮಟ ನಾವು ಆಕಿಗೆ ಒಂದು ಖಣಾ ಸತೇಕ ಕೊಟ್ಟಿದ್ದಿಲ್ಲ. ನೀವು ಕೊಟ್ರಿ. ನೀವು ಉಡಿ ತುಂಬಿದಾಕಿ, ಅಕ್ಕಾರ. ಆಕಿ ಬಂದು ಸೆರಗೊಡ್ಡಿ, ನಿನ್ನ ಮಗಳನ್ನ ನನ್ನ ಉಡಿಯಾಗ ಹಾಕು ಅಂತ ಕೇಳಿದ್ಲು. ನಾ ಹ್ಯಾಂಗ ಒಲ್ಲೆ ಅನ್ನಲಿ?”

ನಾನು ಜೀಪಿನಿಂದ ಇಳಿದು, ಮಾವಶಿ ಕಟ್ಟಿಸಿದ ಆ ಮನೆಯ ಕಡೆ ನಡೆದೆ.

ಮಾವಶಿಯ ತಮ್ಮ ಕೊಟ್ಟ ವಿಳಾಸಕ್ಕೆ ತಂತಿ ಕಳಿಸಿದೆವು. ಅಂಥ ಮನೆಯೇ ಇಲ್ಲ ಎಂದು ತಿರುಗಿ ಬಂತು. ತಮ್ಮ, “ನಮಗೇನು ಗೊತ್ರಿ, ಆಕೀನಽ ಬರತಿದ್ಲು, ಆಕೀನಽ ಹೋಗತಿದ್ಲು” ಎಂದು ಹೊಸ ಮನೆಯ ಬಾಗಿಲು ಹಾಕಿಕೊಂಡ. ತಾಯಿಯನ್ನು ಕರೆದುಕೊಂಡು ಠಾಣೆಗೆ ಹೋದೆವು. ಫೌಜದಾರರು ಕೆಟ್ಟವರೇನಲ್ಲ, ಚಹಾ ತರಿಸಿದರು. ಹುಡುಗಿಯ ಫೋಟೋ ಕೇಳಿದರು. ಅವಳ ಫೋಟೋ ಜಗತ್ತಿನಲ್ಲಿ ಇದ್ದದ್ದು ಒಂದೇ, ಆ ಸಾಲೆಯ ಹಾಲ್‌ನಲ್ಲಿ ಇವರು ಹೊಡೆದದ್ದು. ಕೊಟ್ಟೆ.

“ಈ ಸೆರಗು ಒಡ್ಡಿದಾಕಿ ಯಾರ್ರಿ?”

“ಆಕೀನಽ ಕರಕೊಂಡು ಹೋದಾಕಿ.”

“ಮತ್ತ ಆಕಿಗೆ ಉಡಿ ತುಂಬಾಕತ್ತಾರಲ್ಲ, ಇವರು?” ಎಂದವರು ತಲೆಯೆತ್ತಿ ನನ್ನನ್ನು ನೋಡಿ, ಮಾತು ಅಲ್ಲಿಗೇ ನಿಲ್ಲಿಸಿದರು. ಫೋಟೋ ಕೆಳಗಿಟ್ಟು, “ತಾಯಿ ಒಪ್ಪಿ ಕಳಿಸ್ಯಾಳ. ನೀವು ಈ ಹೆಂಗಸನ್ನ ಊರೂರಿಗೆ ಕರಕೊಂಡು ಹೋಗಿ ಮೆರಿಸೀರಿ. ನಾ ಏನಂತ ಬರಕೊಳ್ಳಲಿ, ನೀವಽ ಹೇಳ್ರಿ ಮೇಡಂ” ಎಂದರು. ಆದರೂ ಬರೆದುಕೊಂಡರು. ಏನೂ ಆಗಲಿಲ್ಲ.

ಆ ಚಳಿಗಾಲದಲ್ಲಿ ಬಾಂಬೆಗೂ ಹೋದೆ. ನನ್ನ ಜೊತೆ ಕಲಿತವಳೊಬ್ಬಳು ಸಿಸ್ಟರ್ ಆಗಿ ಅಲ್ಲಿದ್ದಳು. ಅಂಥ ಹುಡುಗಿಯರ ಮಧ್ಯೆ ಕೆಲಸ ಮಾಡುತ್ತಿದ್ದಳು. ಹಾಡಹಗಲು ನನ್ನನ್ನು ಆ ರಸ್ತೆಗಳಿಗೆ ಕರೆದೊಯ್ದಳು. ಮಾವಶಿ ಹೇಳುತ್ತಿದ್ದ ಕಿಟಕಿಗಳೇ. ಹಗಲಿನಲ್ಲಿ ಅಲ್ಲಿ ಒದ್ದೆ ಬಟ್ಟೆ ಒಣಗುತ್ತಿತ್ತು, ಯಾರೋ ಒಬ್ಬಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಇನ್ನೊಬ್ಬಳು ಅವಳ ತಲೆ ಬಾಚುತ್ತಿದ್ದಳು. ಎಲ್ಲ ಕಿಟಕಿಯಲ್ಲೂ ಹದಿನಾರು ವರ್ಷದವರೇ ಇದ್ದ ಹಾಗೆ ಕಂಡಿತು. ಒಂದು ಕಡೆ ಯಾರೋ ಧಾರವಾಡದ ಕಡೆಯ ಕನ್ನಡದಲ್ಲಿ ಬೈದದ್ದು ಕೇಳಿಸಿತು. ತಿರುಗಿ ನೋಡಿದರೆ ಅವಳು ಬೇರೆ ಯಾರೋ. ಅವಳೂ ಯಾರದೋ ಮಗಳೇ, ಆದರೆ ನಾನು ಹುಡುಕಲು ಬಂದವಳಲ್ಲ ಎಂದು ಮುಂದೆ ಹೋದೆ. ಹೋದೆ. ಅದನ್ನೂ ಮಾಡಿದ್ದೇನೆ.

ಸಿಸ್ಟರ್ ಆ ಫೋಟೋದ ಇನ್ನೊಂದು ಪ್ರತಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅಕ್ಕಿ ಹಾಕಲು ಚಾಚಿದ ನನ್ನ ತೋಳು ಹುಡುಗಿಯ ಮುಖಕ್ಕೆ ಅಡ್ಡ ಬಂದಿತ್ತು. ಕಣ್ಣು, ಬೈತಲೆ ಅಷ್ಟೇ ಕಾಣುತ್ತಿತ್ತು. “ಇದರಲ್ಲಿ ಗುರುತು ಹಿಡಿಯೋ ಹಾಗೆ ಇರೋ ಮುಖ ಎರಡೇ,” ಎಂದಳು ಸಿಸ್ಟರ್. “ಆ ಹೆಂಗಸಿಂದು, ನಿಂದು.”

ವಾಪಸು ಬಂದು ತಾಯಿಗೆ ಹೇಳಬೇಕಾಯಿತು. ಅವಳು ಅಳಲಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ಮಗಳಿಗೆ ಗುರುತಿನವರು ಯಾರಾದರೂ ಇದ್ದಾರೇನು ಎಂದು ಕೇಳಿದಳು. ನಾನು ಯೋಚಿಸಿದೆ. ಒಬ್ಬಳೇ ಇದ್ದಳು. ಮಾವಶಿ.

ಮುಂದಿನ ಸುಗ್ಗಿಗೆ ಮೂರನೆಯ ಕಾರ್ಡನ್ನು ಹೊಸದಾಗಿ ಬರೆಸಿದೆ. ಗಾಗಲ್ ಹಾಕಿದವನನ್ನು ತೆಗೆದು ಸೀರೆ ಉಟ್ಟ, ಕುಂಕುಮ ಇಟ್ಟ ಹೆಂಗಸನ್ನು ಬರೆಯಿರಿ ಎಂದಾಗ ಮಾಸ್ತರರು ನನ್ನ ಮುಖ ನೋಡಿದರು. ಅದನ್ನು ತಗೊಂಡು ಅದೇ ಹಿತ್ತಲಿಗೆ ಹೋದೆ. ಈ ಸಲ ಕಾರ್ಡು ನಾನೇ ಹಿಡಿದೆ. ಯಾರೂ ನಗಲಿಲ್ಲ. ತೊಟ್ಟು ಬಿಡಿಸುವ ಸದ್ದಷ್ಟೇ. ಕೆಟ್ಟವರು ಗುರುತಿನವರ ಹಾಗೆಯೇ ಬರುತ್ತಾರೆ, ನಮ್ಮ ಹಾಗೇ ಇರುತ್ತಾರೆ ಎಂದೆ.

“ಹಂಗಾರ ನಿಮ್ಮನ್ನೂ ನಂಬಬಾರದೇನ್ರಿ?” ಎಂದು ಒಬ್ಬಳು ಕೇಳಿದಳು. ಕುಹಕವಿರಲಿಲ್ಲ, ಸುಮ್ಮನೆ ಕೇಳಿದ್ದಳು.

“ನಂಬಬ್ಯಾಡ್ರಿ” ಎಂದೆ.

ಅವರು ಮುದುಕಿಯ ಮುಖ ನೋಡಿದರು. ಮುದುಕಿ ಮೆಣಸಿನಕಾಯಿಯಿಂದ ಕಣ್ಣೆತ್ತಲಿಲ್ಲ. “ಬಾಜೂ ಮನಿಯಾಕೀನ್ನ ನಂಬಬ್ಯಾಡ, ಮಾವಶೀನ್ನ ನಂಬಬ್ಯಾಡ, ಅಕ್ಕಾರನ್ನೂ ನಂಬಬ್ಯಾಡ” ಎಂದಳು. “ಹಂಗಾರ ಹುಡುಗೀರನ್ನ ಮನಿಯಾಗ ಯಾಕ ಇಟಗೊಳ್ಳೋದು? ಲಗೂನ ಒಂದು ಮನಿ ನೋಡಿ ಕೊಟ್ಟುಬಿಡೂಣು. ಗಂಡನ ಮನೀಗೆ ಹೋದಾಕೀನ್ನ ಯಾರೂ ಒಯ್ಯೂದಿಲ್ಲ.”

ಹಾಗೇ ಆಯಿತು. ನನ್ನ ಕಾರ್ಡುಗಳಿಂದ ಆ ಊರಿನಲ್ಲಿ ಖಂಡಿತ ಆದದ್ದು ಇದೊಂದೇ. ಹದಿನಾರು, ಹದಿನೇಳಕ್ಕೆ ಆಗುತ್ತಿದ್ದ ಮದುವೆಗಳು ಹದಿಮೂರಕ್ಕೆ, ಹನ್ನೆರಡಕ್ಕೆ ಇಳಿದವು. ಸಾಲೆಯಲ್ಲಿ ಮೇಲಿನ ಕ್ಲಾಸುಗಳಲ್ಲಿ ಹುಡುಗಿಯರೇ ಉಳಿಯಲಿಲ್ಲ. ಹೆಡ್ ಮಾಸ್ತರರು ನನ್ನ ಮುಂದೆ ಅದನ್ನು ದೂರಾಗಿ ಹೇಳಲಿಲ್ಲ. ಮೀಟಿಂಗಿಗೆ ಬರಬೇಡಿ ಎಂದು ಯಾರೂ ಹೇಳಲಿಲ್ಲ, ಆದರೆ ಹತ್ತಿಯ ವ್ಯಾಪಾರಿಯವರ ಜೀಪಿಗೆ ಬೇರೆ ಕೆಲಸ ಬಂತು. ನಾನೂ ಒತ್ತಾಯ ಮಾಡಲಿಲ್ಲ.

ಎರಡು ವರ್ಷದ ಮೇಲೆ ಹುಡುಗಿಯ ತಾಯಿ ಬಸ್ಸಿಗೆ ಅಣ್ಣಿಗೇರಿಗೆ ಬಂದಳು. ಚಿಕ್ಕ ಮಗಳ ಮದುವೆಗೆ ಕರೆಯಲು. ನನ್ನ ಮೇಲೆ ಸಿಟ್ಟಿಲ್ಲವೇ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. “ನೀವು ಬರಬೇಕ್ರಿ ಮತ್ತ, ನೀವಽ ಕಣ್ಣು ತೆರಸಿದವರು” ಎಂದಳು. ಅವಳು ಅದನ್ನು ಅಂತಃಕರಣದಿಂದಲೇ ಹೇಳಿದಳು. ಅದಕ್ಕೇ ಹೋದೆ.

ಮನೆಯ ಮುಂದೆ ಸಣ್ಣ ಹಂದರ. ಗೋವಾದಿಂದ ಅಪ್ಪ ಬಂದಿದ್ದ, ಹೊಸ ಟೋಪಿ ಹಾಕಿಕೊಂಡು ಎಲ್ಲರಿಗೂ ಕೈ ಮುಗಿಯುತ್ತಿದ್ದ. ಮದುಮಗಳಿಗೆ ಹದಿಮೂರು. ಆರನೆಯತ್ತೆಯಲ್ಲಿ ಬಿಡಿಸಿದ್ದರು. ಬಾಸಿಂಗದ ದಾರ ಬಿಗಿಯಾಗಿ ಹಣೆಗೆ ಒತ್ತುತ್ತಿತ್ತು ಅಂತ ಕಾಣುತ್ತದೆ, ಮತ್ತೆ ಮತ್ತೆ ಬೆರಳು ಹಾಕಿ ತುರಿಸಿಕೊಳ್ಳುತ್ತಿದ್ದಳು. ಯಾರೋ ಕೈ ಮೇಲೆ ಹೊಡೆದರು. ಗಂಡಿಗೆ ಇಪ್ಪತ್ತೆಂಟಿರಬೇಕು. ಹದಿನೆಂಟು ತುಂಬದ ಹುಡುಗಿಯ ಮದುವೆ ಗುನ್ಹೆ ಎಂದು ಆ ಹಂದರದಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತೋ, ಎಲ್ಲರಿಗೂ ಗೊತ್ತಿತ್ತೋ. ನಾನು ಬಾಯಿ ತೆರೆಯಲಿಲ್ಲ. ಆ ಊರಿನಲ್ಲಿ ಇನ್ನೊಂದು ಸಲ ಏನನ್ನಾದರೂ ಸರಿ ಮಾಡಲು ಹೊರಡುವ ಧೈರ್ಯ ನನಗಿರಲಿಲ್ಲ.

ತಾಯಿ ಜನರ ಮಧ್ಯೆ ದಾರಿ ಮಾಡಿಕೊಂಡು ಬಂದು ನನ್ನ ಕೈ ಹಿಡಿದು ಮುಂದೆ ಕರೆದೊಯ್ದಳು.

“ನೋಡ್ರಿ ಅಕ್ಕಾರ,” ಎಂದಳು ಕಿವಿಯಲ್ಲಿ, “ಇಕೀನ್ನ ಉಳಿಸಿಕೊಂಡೆ.”

ಯಾರೋ ಎಲ್ಲರಿಗೂ ಅಕ್ಕಿಕಾಳು ಹಂಚುತ್ತಾ ಬಂದು ನನ್ನ ಕೈಯಲ್ಲೂ ಒಂದಿಷ್ಟು ಸುರಿದರು. ವಾದ್ಯ ಜೋರಾಯಿತು. ಎಲ್ಲರೂ ಹಾಕಿದರು. ನಾನೂ ಹಾಕಿದೆ.